ಗೆರೆ ಮಾಸ್ತರರ ಕಬ್ಬಿಣದ ನೇಗಿಲು

ಪುಣೆಯಲ್ಲಿ ನೆಲೆಸಿದ ನಮ್ಮ ಕಡೆಯ ಜನರಿಗೆ ಮೀರಜಿನ ರೈಲುದಾರಿ ಬಾಯಿಪಾಠ. ಸಾತಾರಾ, ಕರಾಡ ದಾಟಿ ಕೃಷ್ಣೆಯ ಬಯಲಿಗೆ ಇಳಿದ ಮೇಲೆ, ಸಾಂಗ್ಲಿ ಬರುವ ಮುನ್ನ, ಕಿರ್ಲೋಸ್ಕರವಾಡಿ ಎಂಬ ನಿಲ್ದಾಣ ಬರುತ್ತದೆ. ಕೆಲವು ಗಾಡಿಗಳು ಅಲ್ಲಿ ನಿಲ್ಲುತ್ತವೆ, ಕೆಲವು ನಿಲ್ಲುವುದಿಲ್ಲ. ನಿಂತರೂ ನಮ್ಮವರು ಯಾರೂ ಕಿಟಕಿಯಿಂದ ಆಚೆ ನೋಡುವುದಿಲ್ಲ. ಊರು ಇನ್ನೆಷ್ಟು ದೂರ ಎಂದು ಲೆಕ್ಕ ಹಾಕುತ್ತ ಬುತ್ತಿಯ ಗಂಟು ಬಿಚ್ಚುವ ಹೊತ್ತು ಅದು. ನಾನೂ ವರ್ಷಗಟ್ಟಲೆ ಹಾಗೆಯೇ ಮಾಡಿದ್ದೇನೆ.

ಈ ಸಲ ಯುಗಾದಿಗೆ ಊರಿಗೆ ಹೊರಟಾಗ ನನ್ನ ಜೊತೆಗೆ ಅಕ್ಕನ ಮಗನಿದ್ದ. ಇಂಜಿನಿಯರಿಂಗ್ ಓದಿ, ಒಳ್ಳೆಯ ಕಂಪನಿಯಲ್ಲಿದ್ದ ನೌಕರಿ ಬಿಟ್ಟು, ಈಗ ಸ್ವಂತ ಉದ್ಯೋಗ ಮಾಡುತ್ತಾನೆ. ಏನು ಉದ್ಯೋಗವೆಂದರೆ, ದೊಡ್ಡ ಕಂಪನಿಗಳ ಅಧಿಕಾರಿಗಳು ಸಭೆಯಲ್ಲಿ ನಿಂತು ಮಾತಾಡುವಾಗ ಹಿಂದಿನ ಪರದೆಯ ಮೇಲೆ ಒಂದೊಂದಾಗಿ ಹಾಳೆಗಳು ಮೂಡುತ್ತವಲ್ಲ, ಅವನ್ನು ಅಚ್ಚುಕಟ್ಟಾಗಿ ರಚಿಸಿಕೊಡುವುದು. ಎದುರು ಸೀಟಿನ ಹಿರಿಯರು ಸುಮ್ಮನೆ ಕೂಡಲಾರದೆ, "ಏನ್ ಮಾಡ್ತೀಯೋ ತಮ್ಮಾ?" ಎಂದರು. ಹುಡುಗ ವಿವರಿಸಿದ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಅಂದ್ರ ಮಾತಾಡಾವ್ರು ಬ್ಯಾರೆ, ನೀ ಅವರ ಹಿಂದ ಬಣ್ಣಾ ಬಳಿಯಾಂವ. ಇದಕ್ಕ ರೊಕ್ಕಾ ಕೊಡ್ತಾರ?" ಎಂದು ಕೇಳಿದರು. ಹುಡುಗ ನಕ್ಕ. ನಾನು ನಗಲಿಲ್ಲ, ಏಕೆಂದರೆ ಒಂದು ವರ್ಷದ ಹಿಂದೆ ಅದೇ ಮಾತನ್ನು ಇನ್ನೂ ಸ್ವಲ್ಪ ಕಟುವಾಗಿ ನಾನೇ ಹೇಳಿ, ಬ್ಯಾಂಕ್ ಪರೀಕ್ಷೆಯ ಅರ್ಜಿಯನ್ನು ಅವನ ಕೈಗಿತ್ತಿದ್ದೆ. ಸರ್ಕಾರಿ ಗುಮಾಸ್ತನಿಗೆ ಸರ್ಕಾರದ ಬಾಗಿಲೊಂದೇ ಬಾಗಿಲಾಗಿ ಕಾಣುತ್ತದೆ. ಅಷ್ಟರಲ್ಲಿ ಗಾಡಿ ಕಿರ್ಲೋಸ್ಕರವಾಡಿಯಲ್ಲಿ ನಿಂತಿತು. ಆ ಹೆಸರಿನ ಹಿಂದಿರುವ ಮನುಷ್ಯನ ಕಥೆಯನ್ನು ಹುಡುಗನಿಗೆ ಹೇಳಲು ಆರಂಭಿಸಿದೆ. ಹೇಳಿದ್ದನ್ನೇ, ಆಮೇಲೆ ಓದಿಕೊಂಡ ಕೆಲವು ಸಂಗತಿಗಳನ್ನು ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರರು ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ. ಮನೆಮಾತು ಮರಾಠಿ, ಊರ ಮಾತು ಕನ್ನಡ. ಪುಣೆಯಲ್ಲಿರುವ ನಮ್ಮದು ಇದರ ತಿರುವುಮುರುವು. ಆದ್ದರಿಂದ ಅವರ ಸ್ಥಿತಿ ನಮಗೆ ಬಿಡಿಸಿ ಹೇಳಬೇಕಾದದ್ದೇನಲ್ಲ. ಅದೇ ಊರಿನ ಅದೇ ಮನೆತನದವರು ಮರಾಠಿ ಸಂಗೀತ ನಾಟಕಕ್ಕೆ ತಳಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು. ಅವರ 'ಶಾಕುಂತಲ' ಪುಣೆಯಲ್ಲಿ ರಂಗವೇರಿದ್ದು 1880ರ ಅಕ್ಟೋಬರ್ 31ರಂದು. ನಾಟಕದ ಕಂಪನಿ ಕಟ್ಟುವ ಮುನ್ನ ಅಣ್ಣಾಸಾಹೇಬರು ಬೆಳಗಾವಿಯ ಸರ್ಕಾರಿ ಕಚೇರಿಯಲ್ಲಿ ನೌಕರಿಯಲ್ಲಿದ್ದರು ಎಂಬುದನ್ನು ನಮ್ಮ ವೃತ್ತಿಯವರ ಹೆಮ್ಮೆಗಾಗಿ ಹೇಳಿಬಿಡುತ್ತೇನೆ.

ಲಕ್ಷ್ಮಣರಾಯರ ತಂದೆ ವೇದಾಂತಿಗಳು. ಮಗನೂ ಓದಿ ಪಂಡಿತನಾಗಲಿ ಎಂಬ ಆಸೆ ಸಹಜವಾಗಿತ್ತು. ಹುಡುಗನಿಗೆ ಶಾಲೆಯ ಪಾಠ ಒಗ್ಗಲಿಲ್ಲ. ಅವನಿಗೆ ಬೇಕಾದದ್ದು ಎರಡೇ: ಚಿತ್ರ ಬಿಡಿಸುವುದು ಮತ್ತು ಯಂತ್ರ ಬಿಚ್ಚಿ ನೋಡುವುದು. ಆ ಕಾಲದ ಬ್ರಾಹ್ಮಣ ಮನೆಯಲ್ಲಿ ಎರಡೂ ಗೌರವದ ಕೆಲಸಗಳಲ್ಲ. ಅಣ್ಣ ರಾಮಚಂದ್ರರಾಯರು, ಮನೆಯವರ ಬಾಯಲ್ಲಿ ರಾಮುಅಣ್ಣ, ತಮ್ಮನ ಬೆನ್ನಿಗೆ ನಿಂತರು. 1885ರಲ್ಲಿ ಲಕ್ಷ್ಮಣರಾಯರು ಮುಂಬಯಿಯ ಜೆ. ಜೆ. ಕಲಾಶಾಲೆಗೆ ಸೇರಿದರು.

ಎರಡು ವರ್ಷ ಕಳೆಯುವುದರೊಳಗೆ ಒಂದು ಸಂಗತಿ ಬಯಲಾಯಿತು. ಚಿತ್ರಗಾರನಾಗಲು ಬಂದವನಿಗೆ ಕೆಲವು ಬಣ್ಣಗಳ ವ್ಯತ್ಯಾಸವೇ ಕಾಣುತ್ತಿರಲಿಲ್ಲ! ಬಣ್ಣಗುರುಡು ಎಂದು ನಾವು ಕರೆಯುವ ಈ ನ್ಯೂನತೆ ಹುಟ್ಟಿನಿಂದ ಬರುವಂಥದು, ಗಂಡಸರಲ್ಲಿ ಹೆಚ್ಚು, ಮದ್ದಿಲ್ಲ. ಪರಮಾಣುವಾದದ ಜಾನ್ ಡಾಲ್ಟನ್‌ಗೆ ಅದು ಇತ್ತು. 1794ರಲ್ಲಿ ಅವನೇ ಅದರ ಬಗ್ಗೆ ಪ್ರಬಂಧ ಓದಿದ. ಇಂದು ಕಣ್ಣಿನ ಡಾಕ್ಟರರು ತೋರಿಸುವ ಚುಕ್ಕೆಚುಕ್ಕೆಯ ಇಶಿಹಾರಾ ಪಟಗಳು ಬಂದದ್ದು 1917ರಲ್ಲಿ. ಅದಕ್ಕೂ ಮುಂಚೆ ಇಂಥ ಹುಡುಗನಿಗೆ ತನ್ನ ಕಣ್ಣಿನ ಕೊರತೆ ತಿಳಿಯಬೇಕಾದರೆ ಕುಂಚವನ್ನೇ ಕೈಗೆತ್ತಿಕೊಳ್ಳಬೇಕಾಗಿತ್ತು.

ಊರಿಗೆ ಮರಳಲು ಇದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ. ಲಕ್ಷ್ಮಣರಾಯರು ಮರಳಲಿಲ್ಲ. ಬಣ್ಣ ಬಿಟ್ಟು ಗೆರೆಯನ್ನು ಹಿಡಿದರು. ಯಂತ್ರಚಿತ್ರ, ಅಂದರೆ ಮೆಕ್ಯಾನಿಕಲ್ ಡ್ರಾಯಿಂಗ್, ಬಣ್ಣವನ್ನು ಕೇಳುವುದಿಲ್ಲ. ಒಂದು ವಸ್ತುವನ್ನು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ನೋಡಿದರೆ ಹೇಗೆ ಕಂಡೀತು, ನಡುವೆ ಸೀಳಿದರೆ ಒಳಗೇನು ಕಂಡೀತು ಎಂಬುದನ್ನು ಅಳತೆ ತಪ್ಪದೆ ಕಾಗದದ ಮೇಲೆ ಇಡುವುದೇ ಅದರ ಸಾರ. ಅದನ್ನು ಪ್ರತಿ ಮಾಡುವ ನೀಲಿನಕ್ಷೆಯ ವಿಧಾನವನ್ನು ಜಾನ್ ಹರ್ಷೆಲ್ 1842ರಲ್ಲೇ ಕಂಡುಹಿಡಿದಿದ್ದ. ಕಬ್ಬಿಣದ ಲವಣ ಹಚ್ಚಿದ ಕಾಗದವನ್ನು ನಕ್ಷೆಯ ಕೆಳಗಿಟ್ಟು ಬಿಸಿಲಿಗೆ ಹಿಡಿದರೆ ಬೆಳಕು ಬಿದ್ದಲ್ಲೆಲ್ಲ ನೀಲಿ, ಗೆರೆ ಇದ್ದಲ್ಲಿ ಬಿಳಿ. ಬಿ.ಎಸ್‌ಸಿ. ಓದುವಾಗ ನಾವೂ ಪ್ರಯೋಗಶಾಲೆಯಲ್ಲಿ ಆ ಪ್ರಷ್ಯನ್ ನೀಲಿಯನ್ನು ಪರೀಕ್ಷಾನಳಿಕೆಯಲ್ಲಿ ಮಾಡಿ ಕೈಗೆಲ್ಲ ಮೆತ್ತಿಕೊಂಡವರೇ. ಒಂದೇ ನೀಲಿ, ಒಂದೇ ಬಿಳಿ: ಬಣ್ಣ ಬೇರ್ಪಡಿಸಲಾಗದ ಕಣ್ಣಿಗೆ ಇದಕ್ಕಿಂತ ಅನುಕೂಲವಾದ ಲೋಕವಿಲ್ಲ.

ಮುಂಬಯಿಯಲ್ಲಿ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆ ಆರಂಭವಾದದ್ದು 1887ರಲ್ಲಿ. ಅಲ್ಲಿ ಲಕ್ಷ್ಮಣರಾಯರಿಗೆ ಯಂತ್ರಚಿತ್ರ ಕಲಿಸುವ ಕೆಲಸ ಸಿಕ್ಕಿತು. ಕಲಿಸುತ್ತಲೇ ಕಲಿತರು. ಸಂಸ್ಥೆಯ ಕಾರ್ಯಾಗಾರದಲ್ಲಿ ಯಂತ್ರಗಳ ಮೇಲೆ ಕೈಯಾಡಿಸಿದರು, ಪುಸ್ತಕಗಳನ್ನು ಓದಿದರು. ಕಾಗದದ ಮೇಲೆ ಗೆರೆ ಎಳೆಯುವವನಿಗೂ ಕಬ್ಬಿಣ ಕೊರೆಯುವವನಿಗೂ ನಡುವೆ ಇರುವ ಜಾತಿಭೇದದಂಥ ಗೋಡೆಯನ್ನು ದಾಟಿದ್ದು ಅವರ ದೊಡ್ಡ ಸಾಹಸವೆಂದು ನನ್ನ ಎಣಿಕೆ.

ಇದರ ನಡುವೆ ಸೈಕಲ್ ಬಂತು. ಎರಡೂ ಗಾಲಿ ಸಮವಾಗಿರುವ ಈಗಿನ ಮಾದರಿಯ ಸೈಕಲ್ 1885ರ ಸುಮಾರಿಗೆ ಇಂಗ್ಲೆಂಡಿನಲ್ಲಿ ರೂಪ ತಾಳಿತ್ತು. ಡನ್‌ಲಪ್‌ನ ಗಾಳಿ ತುಂಬಿದ ಟೈರು 1888ರದು. ಹೊಸದಾಗಿ ಬಂದ ಈ ಗಾಡಿಯನ್ನು ಲಕ್ಷ್ಮಣರಾಯರು ಮುಂಬಯಿಯಲ್ಲಿ ಕೊಂಡು ಬೆಳಗಾವಿಗೆ ಕಳಿಸುವರು, ರಾಮುಅಣ್ಣ ಅದನ್ನು ಮಾರುವರು. ಮಾರಿದರೆ ಸಾಲದು, ಕೊಂಡವರಿಗೆ ಓಡಿಸಲೂ ಕಲಿಸಬೇಕು. ಅಂಗಡಿ ಇದ್ದ ರಸ್ತೆಗೆ ಇಂದಿಗೂ ಕಿರ್ಲೋಸ್ಕರ್ ರಸ್ತೆ ಎಂದೇ ಹೆಸರು. ಬೆಳಗಾವಿಯ ಪೇಟೆಗೆ ಹೋದವರು ಆ ರಸ್ತೆಯಲ್ಲಿ ನಡೆಯದೆ ಬಂದಿರಲಾರರು.

ಮುಂಬಯಿಯ ನೌಕರಿ ಹಾಗೇ ಸಾಗಿದ್ದರೆ ಅವರೂ ಒಬ್ಬ ನಿವೃತ್ತ ಮಾಸ್ತರರಾಗಿ ತೀರಿಕೊಳ್ಳುತ್ತಿದ್ದರೋ ಏನೋ. ಅವರಿಗೆ ಬರಬೇಕಾಗಿದ್ದ ಬಡ್ತಿ ಒಬ್ಬ ಆಂಗ್ಲೋ-ಇಂಡಿಯನ್ನನ ಪಾಲಾಯಿತು. ಕೆಲಸದಲ್ಲಿ ಕೊರತೆ ಇತ್ತೆಂದಲ್ಲ, ಚರ್ಮದ ಲೆಕ್ಕದಲ್ಲಿ ಹಿಂದೆ ಬಿದ್ದರು. ಇಂಥ ಸಂದರ್ಭದಲ್ಲಿ ನಾವು ಏನು ಮಾಡುತ್ತೇವೆ? ಜ್ಯೇಷ್ಠತಾ ಪಟ್ಟಿ ತೆಗೆದು, ನಿಯಮದ ಸಂಖ್ಯೆ ಬರೆದು, ಮನವಿ ಸಲ್ಲಿಸಿ, ಉತ್ತರ ಬರುವವರೆಗೆ ಕಾಯುತ್ತೇವೆ. ನಾನೂ ಕಾದಿದ್ದೇನೆ, ಕಡತ ಯಾವ ಮೇಜಿನ ಮೇಲಿದೆ ಎಂದು ತಿಳಿದೂ ಕಾದಿದ್ದೇನೆ. ಲಕ್ಷ್ಮಣರಾಯರು ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದರು. ಯಾರ ಮೆಚ್ಚುಗೆಯ ಸಹಿಯೂ ಬೇಡವಾದ ಕೆಲಸ ಮಾಡಬೇಕೆಂದು ಅವರು ನಿಶ್ಚಯಿಸಿದಂತಿದೆ. ಆದರೆ ಅಂಥ ಕೆಲಸ ಲೋಕದಲ್ಲಿ ಇಲ್ಲ ಎಂಬುದು ಬೆಳಗಾವಿಯಲ್ಲಿ ಬೇಗನೆ ತಿಳಿಯಿತು. ಸಂಸ್ಥೆಯ ಮುಖ್ಯಸ್ಥರ ಬದಲಿಗೆ ಈಗ ಒಪ್ಪಿಗೆ ಕೊಡಬೇಕಾದವನು ನಮ್ಮ ರೈತ.

ಸಣ್ಣ ಕಾರ್ಯಾಗಾರದಲ್ಲಿ ಮೊದಲು ಮಾಡಿದ್ದು ಕಣಿಕೆ ಕತ್ತರಿಸುವ ಯಂತ್ರ. ಜೋಳದ ನಾಡಿನಲ್ಲಿ ದನಕ್ಕೆ ಕಣಿಕೆಯೇ ಆಹಾರ. ಉದ್ದ ಕಣಿಕೆ ಹಾಕಿದರೆ ದನ ತಿಂದದ್ದಕ್ಕಿಂತ ತುಳಿದದ್ದು ಹೆಚ್ಚು. ಅದರ ಬೆನ್ನಿಗೆ, 1903ರಲ್ಲಿ, ಕಬ್ಬಿಣದ ನೇಗಿಲು ಬಂತು.

ನೇಗಿಲಿನ ಮಾತು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನಮ್ಮ ಕಟ್ಟಿಗೆಯ ರಂಟಿ ನೆಲವನ್ನು ಗೀರುತ್ತದೆ, ಹೊರಳಿಸುವುದಿಲ್ಲ. ಎರೆಹೊಲದಲ್ಲಿ ಕರಿಕೆ ಆಳಕ್ಕೆ ಬೇರು ಬಿಟ್ಟರೆ ರಂಟಿ ಅದರ ನೆತ್ತಿ ಸವರಿಕೊಂಡು ಹೋದೀತೇ ಹೊರತು ಬುಡ ಮುಟ್ಟದು. ಕಬ್ಬಿಣದ ನೇಗಿಲಿಗೆ ತಿರುಚಿದ ರೆಕ್ಕೆಯಂಥ ಹಲಗೆಯೊಂದು ಇರುತ್ತದೆ. ಕುಳ ಕೊಯ್ದ ಮಣ್ಣು ಆ ಹಲಗೆಯ ಮೇಲೇರಿ ಮಗುಚಿ ಬೀಳುತ್ತದೆ. ಒಳಗಿನ ಮಣ್ಣು ಬಿಸಿಲಿಗೆ ಬರುತ್ತದೆ, ಕಳೆ ಅಡಿಗೆ ಸೇರುತ್ತದೆ. ಇಡೀ ನೇಗಿಲಿನ ಗುಟ್ಟು ಆ ತಿರುಚಿನಲ್ಲಿದೆ. ಮೂರು ಕಡೆಯಿಂದ ಗೆರೆ ಎಳೆದು ನೋಡಬಲ್ಲವನು ಮಾತ್ರ ಅದನ್ನು ಅಚ್ಚಿಗೆ ಇಳಿಸಬಲ್ಲ. ಮುಂಬಯಿಯ ಮಾಸ್ತರಿಕೆ ಇಲ್ಲಿ ಕೂಡಿಬಂತು.

ರೈತರು ಕೊಳ್ಳಲಿಲ್ಲ. ಕಬ್ಬಿಣ ತಾಗಿದರೆ ನೆಲಕ್ಕೆ ವಿಷ ಏರುತ್ತದೆ ಎಂದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು.

ಈ ಕಥೆಯನ್ನು ಹೇಳುವವರೆಲ್ಲ ಇಲ್ಲಿ ರೈತನ ಮೂಢನಂಬಿಕೆಯನ್ನು ಹಂಗಿಸಿ ಮುಂದೆ ಹೋಗುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ವಿಷದ ಮಾತು ಬಾಯಿಗೆ ಬಂದ ಉತ್ತರವಿರಬಹುದು. ಮನಸ್ಸಿನೊಳಗಿನ ಲೆಕ್ಕ ಬೇರೆ ಇದ್ದೀತು. ಕಟ್ಟಿಗೆಯ ರಂಟಿಯನ್ನು ಊರ ಬಡಿಗ ಮಾಡಿಕೊಡುತ್ತಿದ್ದ, ಕುಳವನ್ನು ಕಮ್ಮಾರ ಹಣಿದು ಕೊಡುತ್ತಿದ್ದ, ಇಬ್ಬರಿಗೂ ಸುಗ್ಗಿಯಲ್ಲಿ ಆಯ ಕೊಟ್ಟರೆ ಮುಗಿಯಿತು. ಕೈಯಿಂದ ರೊಕ್ಕ ಬಿಚ್ಚುವ ಪ್ರಶ್ನೆಯಿಲ್ಲ. ಕಬ್ಬಿಣದ ನೇಗಿಲಿಗೆ ರೊಕ್ಕವೇ ಬೇಕು. ಆಳವಾಗಿ ಉಳುವ ಭಾರದ ನೇಗಿಲಿಗೆ ಒಂದು ಜೋಡಿ ಎತ್ತು ಸಾಲವು, ನೆರೆಯವನಿಂದ ಮುಯ್ಯಿ ತರಬೇಕು. ಮೇಲಾಗಿ ಅದರಲ್ಲಿ ಬೀಡುಕಬ್ಬಿಣದ ಭಾಗಗಳಿರುತ್ತವೆ. ಬೀಡಿನಲ್ಲಿ ಇಂಗಾಲದ ಅಂಶ ಹೆಚ್ಚು, ಗಟ್ಟಿ ಆದರೆ ಪೆಡಸು. ಕಲ್ಲಿಗೆ ಬಡಿದು ಮುರಿದರೆ ಊರ ಕಮ್ಮಾರ ಕಾಯಿಸಿ ಬಡಿದು ಕೂಡಿಸಲಾರ. ಬಿತ್ತನೆಯ ಹದ ನಾಲ್ಕು ದಿನ ಇರುವಾಗ ತುಂಡು ತರಲು ಬೆಳಗಾವಿಗೆ ಓಡುವವರು ಯಾರು? ಇಷ್ಟೆಲ್ಲ ಯೋಚಿಸುವ ಮನುಷ್ಯನನ್ನು ಮೂಢನೆನ್ನುವುದು ತಪ್ಪು. ಅವನು ಕೇಳುತ್ತಿದ್ದುದು ಭರವಸೆ.

ಆ ಭರವಸೆಯನ್ನು ಕಾಗದದ ನಕ್ಷೆಯಿಂದ ಕೊಡಲಾಗದು. ಇಂಜಿನಿಯರನಿಗೆ ಹಗಲಿನಷ್ಟು ಸ್ಪಷ್ಟವಾದ ನೀಲಿನಕ್ಷೆ ರೈತನಿಗೆ ರಂಗೋಲಿ. ಮಗುಚಿ ಬಿದ್ದ ಮಣ್ಣನ್ನು ಅವನು ಕೈಯಲ್ಲಿ ಹಿಡಿದು ನೋಡಬೇಕು, ಮುಂದಿನ ಸುಗ್ಗಿಯಲ್ಲಿ ಕಾಳು ಕಾಣಬೇಕು. ಎದುರಿಗಿರುವವನಿಗೆ ಯಾವುದು ಕಾಣುತ್ತದೆ, ಯಾವುದು ಕಾಣುವುದಿಲ್ಲ ಎಂದು ತಿಳಿಯುವುದೇ ತೋರಿಸುವವನ ವಿದ್ಯೆ. ಬಣ್ಣ ಕಾಣದ ಕಣ್ಣಿನವನಿಗೆ ಈ ವಿಚಾರ ನಮಗಿಂತ ಬೇಗ ಹೊಳೆದಿದ್ದರೆ ಆಶ್ಚರ್ಯವಿಲ್ಲ.

ನೇಗಿಲು ನಿಧಾನವಾಗಿ ಹೊಲಕ್ಕಿಳಿಯಿತು. ವ್ಯಾಪಾರ ಕುದುರುವಷ್ಟರಲ್ಲಿ ಜಾಗಕ್ಕೇ ಸಂಚಕಾರ ಬಂತು. ಕಾರ್ಖಾನೆಯಿದ್ದ ಪ್ರದೇಶದಲ್ಲಿ ಹೊಸ ಬಡಾವಣೆ ಮಾಡಬೇಕೆಂದು ಬೆಳಗಾವಿಯ ನಗರಸಭೆ ಜಾಗ ಬಿಡಲು ಹೇಳಿತು. ಆಗ ಲಕ್ಷ್ಮಣರಾಯರಿಗೆ ನಲವತ್ತು ವಯಸ್ಸು, ನನ್ನದೇ ವಯಸ್ಸಿನ ಆಸುಪಾಸು. ಈ ವಯಸ್ಸಿನಲ್ಲಿ ಬಾಡಿಗೆ ಮನೆ ಬದಲಿಸಬೇಕೆಂದರೇ ನಮಗೆ ನಿದ್ದೆ ಹತ್ತುವುದಿಲ್ಲ!

ಕೈ ಹಿಡಿದವರು ಔಂಧ ಸಂಸ್ಥಾನದ ಬಾಳಾಸಾಹೇಬ ಪಂತ ಪ್ರತಿನಿಧಿಗಳು. ಔಂಧವೆಂದರೆ ನಮ್ಮ ಪುಣೆಯ ಔಂಧವಲ್ಲ, ಸಾತಾರೆಯ ಕಡೆಯ ಪುಟ್ಟ ಸಂಸ್ಥಾನ. ಈ ರಾಜರನ್ನು ಜನ ಸೂರ್ಯನಮಸ್ಕಾರದ ಪ್ರಚಾರಕರೆಂದು ನೆನೆಯುತ್ತಾರೆ; ಅವರು ಸ್ವತಃ ಚಿತ್ರಕಾರರು ಕೂಡ. ಗೆರೆ ಎಳೆಯಬಲ್ಲ ಮನುಷ್ಯನನ್ನು ಮತ್ತೊಬ್ಬ ಗೆರೆ ಬಲ್ಲವನು ಗುರುತಿಸಿದ. ಮುಂಬಯಿಯಲ್ಲಿ ಸಿಗದ ಮನ್ನಣೆ ಹೀಗೆ ಸಿಕ್ಕಿತು, ಬರಿಯ ಮಾತಿನಲ್ಲಿ ಅಲ್ಲ: ಹತ್ತು ಸಾವಿರ ರೂಪಾಯಿ ಸಾಲ, ಕುಂಡಲ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಭೂಮಿ. ಭೂಮಿಯೆಂದರೆ ಪಾಪಸುಕಳ್ಳಿ ಬೆಳೆದ, ನಾಗರಹಾವು ಓಡಾಡುವ ಬರಡು. 1910ರಲ್ಲಿ ಸುಮಾರು ಇಪ್ಪತ್ತೈದು ಮಂದಿ ಕೆಲಸಗಾರರೂ ಅವರ ಮನೆಮಂದಿಯೂ ಅಲ್ಲಿಗೆ ಬಂದು ಕಳ್ಳಿ ಕಡಿದು ಕಾರ್ಖಾನೆ ಹೂಡಿದರು. ಕುಂಡಲ ರೋಡ್ ನಿಲ್ದಾಣವೇ ಮುಂದೆ ಕಿರ್ಲೋಸ್ಕರವಾಡಿಯಾಯಿತು.

ಆ ಗುಂಪಿನಲ್ಲಿ ದೊಡ್ಡ ಪದವಿಯವರು ಇರಲಿಲ್ಲ. ಶಾಲೆ ಅರ್ಧಕ್ಕೆ ಬಿಟ್ಟವರು, ಪರೀಕ್ಷೆಯಲ್ಲಿ ನಪಾಸಾದವರು. ಲೆಕ್ಕಪತ್ರದ ಭಾರ ಹೊತ್ತ ಮಂಗೇಶರಾವ್ ರೇಗೆಯವರ ಹೆಸರನ್ನು ನಾನು ಬೇಕೆಂದೇ ಇಲ್ಲಿ ಬರೆಯುತ್ತೇನೆ, ಏಕೆಂದರೆ ಯಂತ್ರದ ಇತಿಹಾಸದಲ್ಲಿ ಗುಮಾಸ್ತನ ಹೆಸರು ಸಾಮಾನ್ಯವಾಗಿ ಬರುವುದಿಲ್ಲ. ರಾತ್ರಿ ಕಾವಲಿಗೆ ಇಟ್ಟುಕೊಂಡದ್ದು ತುಕಾರಾಮ ರಾಮೋಶಿ, ಪಿರ್ಯಾ ಮಾಂಗ ಎಂಬ ಇಬ್ಬರನ್ನು. ಇಬ್ಬರೂ ದರೋಡೆಗಾಗಿ ಶಿಕ್ಷೆ ಅನುಭವಿಸಿದವರು. ಯಾರೂ ಲೆಕ್ಕಕ್ಕಿಡದವರನ್ನು ಲೆಕ್ಕಕ್ಕೆ ಹಿಡಿಯುವ ಗುಣ ಲಕ್ಷ್ಮಣರಾಯರಲ್ಲಿತ್ತು. ತಾವೇ ಒಮ್ಮೆ ಲೆಕ್ಕದಿಂದ ಹೊರಗೆ ಬಿದ್ದವರಲ್ಲವೇ.

1914ರ ಯುದ್ಧ ಬಂದು ಕಬ್ಬಿಣ, ಕಲ್ಲಿದ್ದಲು ಎರಡೂ ದುರ್ಲಭವಾದವು. ಇದ್ದಿಲಿನಿಂದ ಕುಲುಮೆ ನಡೆಸಿದರು. ಕೊಲ್ಲಾಪುರದ ಶಾಹೂ ಮಹಾರಾಜರು ಪನ್ಹಾಳ ಕೋಟೆಯ ಹಳೆಯ ತೋಪುಗಳನ್ನು ಕೊಟ್ಟರು. ಅವು ಕರಗಿ ನೇಗಿಲಾದವು. ಯುದ್ಧ ಮುಗಿದ ಮೇಲೆ, 1920ರಲ್ಲಿ, ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಕಂಪನಿಯಾಗಿ ನೋಂದಣಿಯಾಯಿತು.

ನನ್ನ ಅಳಿಯನ ಉದ್ಯೋಗಕ್ಕೆ ನೇರವಾಗಿ ತಾಗುವ ಮನುಷ್ಯ ಬರುವುದು ಇಲ್ಲಿ. ಲಕ್ಷ್ಮಣರಾಯರ ಅಣ್ಣನ ಮಗ ಶಂಕರರಾವ್ ಕಿರ್ಲೋಸ್ಕರ್ (1891-1975). ಚಿತ್ರಕಲೆ ಕಲಿತವರು, ಕಣ್ಣೂ ಸರಿಯಾಗಿತ್ತು. ಕಬ್ಬಿಣದ ಕಾರ್ಖಾನೆಗೆ ಚಿತ್ರಗಾರನೇಕೆ ಎಂದು ಆಗಲೂ ಕೇಳಿದವರು ಇದ್ದಿರಬೇಕು. ಅವರ ಪಾಲಿಗೆ ಬಂದದ್ದು ಮಾಲನ್ನು ಜನರ ಕಣ್ಣಿಗೂ ಮನಸ್ಸಿಗೂ ಮುಟ್ಟಿಸುವ ಕೆಲಸ, ಅಂದರೆ ಜಾಹೀರಾತು, ಪ್ರಚಾರ. 1920ರಲ್ಲಿ ಅವರು 'ಕಿರ್ಲೋಸ್ಕರ್ ಖಬರ್' ಎಂಬ ಪತ್ರಿಕೆ ತೆಗೆದರು. ಕಾರ್ಖಾನೆಯ ಸುದ್ದಿಯನ್ನು ಗಿರಾಕಿಗಳಿಗೆ ಮುಟ್ಟಿಸಲು ಹೊರಟ ಕಾಗದ ಅದು. ಬರಬರುತ್ತ ಅದರಲ್ಲಿ ಕಥೆ, ಲೇಖನ, ಉದ್ಯೋಗದ ಮಾತು ಎಲ್ಲ ತುಂಬಿಕೊಂಡು, ನೇಗಿಲಿನ ಸುದ್ದಿ ಮೂಲೆಗೆ ಸರಿದು, ಮರಾಠಿಯ ಹೆಸರಾಂತ ಮಾಸಿಕವಾಗಿ ಬೆಳೆಯಿತು. 1929ರಿಂದ ಬರಿಯ 'ಕಿರ್ಲೋಸ್ಕರ್'. ಅದರ ಹಿಂದೆ 1930ರಲ್ಲಿ 'ಸ್ತ್ರೀ', 1934ರಲ್ಲಿ 'ಮನೋಹರ'. ಮುಂದೆ ಈ ಪತ್ರಿಕೆಗಳು ಪುಣೆಗೆ ಬಂದವು. ನಮ್ಮ ಸಂಘದ ಹಿರಿಯ ತಾಯಂದಿರಲ್ಲಿ ಮರಾಠಿ ಓದಲು ಕಲಿತದ್ದೇ 'ಸ್ತ್ರೀ'ಯಿಂದ ಎನ್ನುವವರು ಇದ್ದಾರೆ.

ಒಂದು ನೇಗಿಲನ್ನು ಜನರಿಗೆ ಕಾಣಿಸಲು ಹೊರಟವರು ಕೊನೆಗೆ ಮರಾಠಿ ಮಧ್ಯಮವರ್ಗದ ಮನೆಮನೆಗೆ ಹೊಕ್ಕರು. ಚಿತ್ರ ಬರೆಯುವವನ ಕೆಲಸವನ್ನು 'ಹಿಂದೆ ಬಣ್ಣ ಬಳಿಯುವುದು' ಎಂದವರಿಗೆ ನಾನು ಇದನ್ನು ಹೇಳಬೇಕಾಗಿತ್ತು. ರೈಲಿನಲ್ಲಿ ಆ ಹಿರಿಯರಿಗೆ ಹೇಳಿದೆ. ಅವರು, "ಅದು ಖರೆ, ಆದ್ರ ಕಿರ್ಲೋಸ್ಕರ್ರಿಗೆ ಫ್ಯಾಕ್ಟರಿ ಇತ್ತಲ್ಲ" ಎಂದರು. ಅವರ ಮಾತಿನಲ್ಲೂ ಸತ್ಯವಿದೆ. ಶಂಕರರಾಯರ ಕುಂಚಕ್ಕೆ ಕಾಕಾನ ಕುಲುಮೆಯ ಆಸರೆ ಇತ್ತು; ಪುಣೆಯ ಬಾಡಿಗೆ ಕೋಣೆಯಲ್ಲಿ ಒಂಟಿಯಾಗಿ ಕೂತವನಿಗೆ ಅದಿಲ್ಲ. ಅಳಿಯ ಹೇಳುವಂತೆ, ಗಿರಾಕಿಗಳು ಮೊದಲು ಹತ್ತು ಹಾಳೆ ಮಾದರಿಗೆಂದು ಪುಕ್ಕಟೆ ಮಾಡಿಸಿಕೊಳ್ಳುತ್ತಾರೆ, ಆಮೇಲೆ "ನಮ್ಮ ಆಫೀಸಿನ ಹುಡುಗರೇ ಮಾಡ್ತಾರೆ" ಎನ್ನುತ್ತಾರೆ. ತಪ್ಪೆನ್ನಲಾಗದು. ಪವರ್‌ಪಾಯಿಂಟ್ ಎಂಬ ಸಾಧನ 1987ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದದ್ದೇ, ಚಿತ್ರಗಾರನ ಹಂಗಿಲ್ಲದೆ ಅಧಿಕಾರಿಯೇ ತನ್ನ ಹಾಳೆ ಮಾಡಿಕೊಳ್ಳಲಿ ಎಂದು. ಕೈಗೆ ಸಾಧನ ಬಂದ ಮಾತ್ರಕ್ಕೆ ತೋರಿಸುವ ವಿದ್ಯೆ ಬರಲಿಲ್ಲವೆಂಬುದನ್ನು, ನಮ್ಮ ಕಚೇರಿಯ ಸಭೆಗಳಲ್ಲಿ ಒಂದೇ ಪರದೆಯ ಮೇಲೆ ನಲವತ್ತು ಸಾಲು ಓದಲು ಹೆಣಗಿ ಕಣ್ಣು ನೋಯಿಸಿಕೊಂಡ ನಾನು ಸಾಕ್ಷಿ ಹೇಳಬಲ್ಲೆ.

ಉಳಿದ ಕಥೆ ಪುಣೆಯವರಿಗೆ ತಿಳಿದದ್ದೇ. ಲಕ್ಷ್ಮಣರಾಯರ ಮಗ ಶಂತನುರಾಯರು ಅಮೆರಿಕದ ಎಂ.ಐ.ಟಿ.ಯಲ್ಲಿ ಓದಿ 1926ರಲ್ಲಿ ಪದವಿ ಪಡೆದರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಯಂತ್ರಗಳ ಕಾರ್ಖಾನೆ, ಅದೇ ವರ್ಷ ಪುಣೆಯ ಖಡಕಿಯಲ್ಲಿ ಆಯಿಲ್ ಎಂಜಿನ್ ಕಾರ್ಖಾನೆ. ಖಡಕಿಯ ಆ ರಸ್ತೆಗೆ ಲಕ್ಷ್ಮಣರಾವ್ ಕಿರ್ಲೋಸ್ಕರ್ ರಸ್ತೆ ಎಂದು ಹೆಸರು. ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. ಹುಟ್ಟಿ ನೂರು ವರ್ಷವಾದ ದಿನ, 1969ರ ಜೂನ್ 20ರಂದು, ಅಂಚೆ ಇಲಾಖೆ ಅವರ ಹೆಸರಿನಲ್ಲಿ ಚೀಟಿ ಹೊರಡಿಸಿತು. ಅವರ ಮುಖದ ಜೊತೆಗೆ ಅದರಲ್ಲಿ ನೇಗಿಲಿನ ಚಿತ್ರವೂ ಇದೆ.

ಇಷ್ಟನ್ನು ಹೇಳಿ ಮುಗಿಸುವ ವೇಳೆಗೆ ಸಾಂಗ್ಲಿ ದಾಟಿತ್ತು. ಹಿರಿಯರು ತೂಕಡಿಸುತ್ತಿದ್ದರು. ಅಳಿಯ ಮಾತ್ರ ಏನನ್ನೋ ಬೆರಳಲ್ಲಿ ಎಣಿಸುತ್ತಿದ್ದ.

"ಮಾಮಾ, ಮೊದಲನೇ ನೇಗಿಲು ಮಾರೂದಕ್ಕ ಎರಡು ವರ್ಷ ಅಂದ್ರೆಲ್ಲ?"

"ಹೌದು."

"ನಾ ನೌಕರಿ ಬಿಟ್ಟು ಹದಿನಾಲ್ಕು ತಿಂಗಳಾತು" ಎಂದ. ಆಮೇಲೆ ಬುತ್ತಿಯ ಗಂಟು ಬಿಚ್ಚಿ, ಅಕ್ಕ ಕಟ್ಟಿಕೊಟ್ಟ ಚಪಾತಿಯಲ್ಲಿ ಎರಡನ್ನು ನನ್ನ ಕೈಗಿಟ್ಟ.